ಸೂರ್ಯನ ಕುದುರೆಗೆ ಕಟ್ಟಿದ ಮನೆ

ತರೀಕೆರೆಯಲ್ಲಿ ನನ್ನನ್ನು ಹುಳಕ್ಕೆ ಮನೆ ಕಟ್ಟಿದವನು ಎಂದು ಬೆನ್ನ ಹಿಂದೆ ಕರೆಯುವವರಿದ್ದಾರೆ. ಕರೆಯಲಿ. ಅಮಲ್ದಾರರ ಕಚೇರಿಯ ದೊಡ್ಡ ಮೇಜು ನನ್ನ ಕೈಯ ಕೆಲಸ. ರೈಲ್ವೆ ಬಂಗಲೆಯ ಬೀರು, ಕುರ್ಚಿ, ಮಂಚ ಎಲ್ಲ ನನ್ನ ಕೈಯವು. ಪೇಟೆ ಬೀದಿಯ ಅರ್ಧ ಜನ ನಾನು ಕೂರಿಸಿದ ಬಾಗಿಲಿಗೆ ಅಗುಳಿ ಹಾಕಿಕೊಂಡೇ ಮಲಗುತ್ತಾರೆ. ಅದು ಯಾರ ಬಾಯಲ್ಲೂ ಬರುವುದಿಲ್ಲ. ಒಂದು ಮಳೆಗಾಲದ ಕೊನೆಯಲ್ಲಿ ಮಗಳಿಗಾಗಿ ಮಾಡಿದ ಒಂದೇ ಒಂದು ಪೆಟ್ಟಿಗೆ ಮಾತ್ರ ಬರುತ್ತದೆ. ಅವರು ಅದನ್ನು ನಗುತ್ತಾ ಹೇಳುತ್ತಾರೆ. ನಾನು ನಡೆದ ಹಾಗೆ ಬರೆಯುತ್ತೇನೆ.

ನಾನು ಹುಟ್ಟು ಬಡಗಿಯಲ್ಲ. ಅಮೃತಾಪುರದ ಕಡೆ ನಮ್ಮದು ಬೇಸಾಯದ ಮನೆ. ಅಪ್ಪ ತೀರಿಕೊಂಡಾಗ ಮೂರನೇ ಕ್ಲಾಸಿನಲ್ಲಿದ್ದೆ. ಸ್ಲೇಟನ್ನು ಗೂಡಿನಲ್ಲಿಟ್ಟು ಅಣ್ಣಂದಿರ ಹಿಂದೆ ನೇಗಿಲಿಗೆ ಹೋದೆ. ಎಲ್ಲರ ಹೊಟ್ಟೆಗೂ ಸಾಲದ ಹೊಲ ಅದು. ಹಂಚಿಕೊಂಡರೆ ಜಗಳ, ಹಂಚಿಕೊಳ್ಳದಿದ್ದರೂ ಜಗಳ. ಮದುವೆಯಾದ ಮೇಲೆ ನನ್ನ ಪಾಲನ್ನು ಅಣ್ಣಂದಿರಿಗೇ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ತರೀಕೆರೆಗೆ ಬಂದೆ, ನಾಟಾ ಡಿಪೊದಲ್ಲಿ ಮರ ಹೊರುವ ಕೆಲಸಕ್ಕೆ ನಿಂತೆ. ಅಲ್ಲಿ ಸಾಹೇಬರುಗಳಿಗೆ ಕುರ್ಚಿ ಮೇಜು ಮಾಡಿಕೊಡುತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ನಾನು ಹೊತ್ತು ತಂದ ಹಲಗೆಯನ್ನು ನೆಲಕ್ಕೆ ಎಸೆಯದೆ ಇಳಿಸುವುದನ್ನು ನೋಡಿ ಅವರೇ ಕರೆದು ಕೈಗೆ ಉಳಿ ಕೊಟ್ಟರು.

ಆ ಮೇಸ್ತ್ರಿ ಕಲಿಸಿದ ಕೆಲಸಕ್ಕೆ ಒಂದು ಕಟ್ಟಳೆಯಿತ್ತು. ಮೇಜಿನ ಮೇಲ್ಭಾಗ ಎಷ್ಟು ನಯವೋ ಅಡಿಯೂ ಅಷ್ಟೇ ನಯವಾಗಬೇಕು. ಬೀರುವಿನ ಒಳಮೈಗೂ ಹೊರಮೈಯಷ್ಟೇ ಪಾಲಿಶ್ ಬೀಳಬೇಕು. "ಗಿರಾಕಿ ನೋಡಾಕಿಲ್ಲ, ಸರಿ. ನೀನು ನೋಡಿರ್ತೀಯಲ್ಲೋ?" ಎನ್ನುತ್ತಿದ್ದರು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತಿಕ್ಕಿ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕಿ, ಮರದಲ್ಲಿ ಮುಖ ಕಾಣುವ ತನಕ ಬಿಡುತ್ತಿರಲಿಲ್ಲ. ನಾನು ಆ ಕಟ್ಟಳೆಯನ್ನು ಒಂದು ದಿನವೂ ಮುರಿದವನಲ್ಲ.

ಹೆಂಡತಿಯ ತವರು ಶಿವನಿ ಸ್ಟೇಷನ್ನಿನಲ್ಲಿ ಇಳಿದು ಗಾಡಿಯಲ್ಲಿ ಹೋಗಬೇಕಾದ ಹಳ್ಳಿ. ಎರೆ ಹೊಲ, ತೆಂಗಿನ ತೋಟ, ಕೊಟ್ಟಿಗೆ ತುಂಬ ದನ. ನನ್ನ ಕೈಗೆ ಉಳಿ ಬಂದದ್ದು ಅವರಿಗೆ ಅವಮಾನವಾಯಿತು. "ನಾವು ಆರಂಬಗಾರನಿಗೆ ಹೆಣ್ಣು ಕೊಟ್ಟಿದ್ವಿ," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು, "ಈಗ ನೋಡಿದ್ರೆ ಅಳಿಯಂದ್ರು ಸಿಬಿರು ಕಿತ್ಕಂಡು ಕೂತವ್ರೆ." ಹೆಂಡತಿ ಮಾತ್ರ ಎಂದೂ ಹಾಗೆ ಅನ್ನಲಿಲ್ಲ. ಕೆಲಸ ಮುಗಿಸಿ ಬಂದಾಗ ನನ್ನ ತಲೆಯಲ್ಲಿ ಸಿಕ್ಕಿದ ಮರದ ಹೊಟ್ಟನ್ನು ಕೊಡವಿ ಒಲೆಗೆ ಹಾಕುತ್ತಿದ್ದಳು, ಅಷ್ಟೇ. ಒಂದು ಚಳಿಜ್ವರದಲ್ಲಿ ಹೋಗಿಬಿಟ್ಟಳು. ಮಗಳಿಗೆ ಆಗ ಆರು ವರ್ಷ. ತಿಥಿ ಮುಗಿದ ದಿನ ಅತ್ತೆ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡರು. "ಒಂದು ನಾಕು ತಿಂಗಳು ಇರ್ಲಿ ಅಳಿಯಂದ್ರೆ, ಅವ್ವನ್ನ ಮರೀಲಿ" ಎಂದರು. ನಾಲ್ಕು ತಿಂಗಳು ಎರಡು ವರ್ಷವಾಯಿತು.

ಆ ಎರಡು ವರ್ಷದಲ್ಲಿ ನಾನು ಎಷ್ಟು ಸಲ ಶಿವನಿಗೆ ಹೋದರೂ ಒಂದಲ್ಲ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಹಬ್ಬ ಹತ್ತಿರ ಬಂತು, ಮಗುವಿಗೆ ಕೆಮ್ಮು, ದಿನ ಚೆನ್ನಾಗಿಲ್ಲ. ಕೊನೆಗೆ ನಾನು ನನ್ನ ತಾಯಿಯ ಅಕ್ಕನನ್ನು, ಗಂಡ ಮಕ್ಕಳಿಲ್ಲದ ದೊಡ್ಡಮ್ಮನನ್ನು, ಊರಿನಿಂದ ಕರೆತಂದು ಮನೆಯಲ್ಲಿ ಇಟ್ಟುಕೊಂಡೆ. ಒಲೆ ಹೊತ್ತಿತು. ಆಮೇಲೆ ಹೋಗಿ ಅತ್ತೆಯ ಜಗಲಿಯ ಮೇಲೆ ಕೂತು, ಮಗಳನ್ನು ಕರೆದುಕೊಂಡು ಹೋಗದೆ ಏಳುವುದಿಲ್ಲ ಎಂದೆ.

"ಹೆಂಗಸಿಲ್ಲದ ಮನೇಲಿ ಹೆಣ್ಮಗೀನ ಹೆಂಗೆ ಬಿಡ್ಲಿ?" ಎಂದರು ಅತ್ತೆ.

"ದೊಡ್ಡಮ್ಮ ಬಂದವ್ರೆ."

"ಅವರ್ಗೆ ಕಣ್ಣು ಕಾಣ್ತದಾ?"

"ಮುದ್ದೆ ತೊಳಸಕ್ಕೆ ಕಾಣ್ತದೆ."

ಒಳಗಿನಿಂದ ಬಾಮೈದ ಬಂದ. ಹೆಂಡತಿಯ ತಮ್ಮ, ನನಗಿಂತ ಚಿಕ್ಕವನು, ಮಾತಿನಲ್ಲಿ ಮರ್ಯಾದೆ ಬಿಡುವವನಲ್ಲ, ಆ ಮರ್ಯಾದೆಯ ಒಳಗೇ ಮುಳ್ಳು ಇಡುವವನು. "ಏನ್ ಭಾವ, ನಿಮ್ಮ ಮಗಳು, ನೀವು ಕರಕಂಡು ಹೋಯ್ತೀನಿ ಅಂದ್ರೆ ನಾವು ಬ್ಯಾಡ ಅನ್ನಾಕಾಯ್ತದಾ? ಆದ್ರೆ ಅವಳ್ನೂ ಒಂದು ಮಾತು ಕೇಳ್ಬೇಕಲ್ವಾ? ದೀಪಾವಳಿ ಗಂಟ ನಿಮ್ಮ ತಾವ ಇರ್ಲಿ. ನಾನೇ ಬತ್ತೀನಿ. ಇರ್ತೀನಿ ಅಂದ್ರೆ ಇರ್ಲಿ, ಇನ್ನು ನಾವು ಕೇಳಾಕಿಲ್ಲ. ಬತ್ತೀನಿ ಅಂದ್ರೆ ನೀವು ಕೇಳ್ಬಾರ್ದು."

ಒಪ್ಪಿದೆ. ಎಂಟು ವರ್ಷದ ಮಗು ಹೆತ್ತ ಅಪ್ಪನನ್ನು ಬಿಟ್ಟು ಬೇರೆ ಮನೆ ಹೇಳುತ್ತದೆಯೇ ಎಂಬ ಧೈರ್ಯ. ಶ್ರಾವಣ ಕಳೆದಿತ್ತು. ದೀಪಾವಳಿಗೆ ದಿನವಿತ್ತು.

ಅವಳು ಗಾಡಿ ಹತ್ತುವಾಗ ಬಟ್ಟೆಗಂಟಿನ ಜೊತೆ ಒಂದು ಒಣಗಿದ ಸೋರೆ ಬುರುಡೆಯನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅದರ ಬಾಯಿಗೆ ತೆಳು ಬಟ್ಟೆ ಕಟ್ಟಿತ್ತು. ರೈಲಿನಲ್ಲಿ, ಬೀರೂರಿನಲ್ಲಿ ಗಾಡಿ ಬದಲಾಯಿಸುವಾಗ, ಎಲ್ಲೂ ಅದನ್ನು ನನ್ನ ಕೈಗೆ ಕೊಡಲಿಲ್ಲ. ತರೀಕೆರೆ ಹತ್ತಿರ ಬಂದಾಗ ಬಟ್ಟೆ ಸ್ವಲ್ಪ ಸರಿಸಿ ತೋರಿಸಿದಳು. ಒಳಗೆ ನಡುವೆ ಅಡ್ಡಲಾಗಿ ಅಡಿಕೆ ಹಾಳೆಯ ತುಂಡು, ಆ ಕಡೆ ಈ ಕಡೆ ಒಂದೊಂದು ಹುಳ. ಒಂದು ಹಸಿರು, ಇನ್ನೊಂದು ಒಣಗಿದ ಎಲೆಯ ಬಣ್ಣ. ಮುಂಗಾಲು ಎರಡನ್ನೂ ಎದೆಗೆ ಮಡಿಸಿಕೊಂಡು ಕೈ ಮುಗಿದ ಹಾಗೆ ನಿಂತಿದ್ದವು.

"ಇದೇನೇ? ಮಿಡತೆನಾ?"

"ಮಿಡತೆ ಅಲ್ಲ, ಸೂರ್ಯನ ಕುದುರೆ. ಮಿಡತೇನ ಇದು ತಿಂತದೆ. ನಿಂಗೆ ಗೊತ್ತಿಲ್ವಾ ಅಪ್ಪ?"

ಗೊತ್ತಿತ್ತು. ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಅದನ್ನು ಹಿಡಿದು, ನನ್ನ ಗಂಡನ ಮನೆ ಯಾವ ಕಡೆ ಎಂದು ಕೇಳುತ್ತಿದ್ದರು. ಅದು ತಲೆ ತಿರುಗಿಸಿದ ಕಡೆ ಮದುವೆ ಎಂದು ಕುಣಿಯುತ್ತಿದ್ದರು. ನೀನೂ ಕೇಳಿದೆಯಾ ಎಂದೆ.

"ನಾನು ಏನೂ ಕೇಳಾಕಿಲ್ಲ. ಅದು ನೊಣ ಕಂಡ ಕಡೆ ತಿರುಗ್ತದೆ" ಎಂದಳು.

ನನಗೆ ಬಹಳ ಸಂತೋಷವಾಯಿತು. ನನ್ನ ಮಗಳೇ ಸರಿ ಎಂದುಕೊಂಡೆ.

ಮನೆಗೆ ಬಂದ ಮೊದಲ ದಿನ ಅವಳು ಉಂಡಳು, ಮಲಗಿದಳು, ದೊಡ್ಡಮ್ಮ ಕೇಳಿದ್ದಕ್ಕೆ ಹ್ಞೂ ಉಹ್ಞೂ ಎಂದಳು. ಅವಳು ತಾನಾಗಿ ಬಾಯಿಬಿಟ್ಟು ಮಾತಾಡಿದ್ದು ಆ ಹುಳಗಳ ವಿಷಯ ಮಾತ್ರ. ಸೋರೆ ಬುರುಡೆ ಪ್ರಯಾಣಕ್ಕೆ ಸರಿ, ಇರುವುದಕ್ಕೆ ಸಾಲದು ಎಂದಳು. ಅಜ್ಜಿಯ ಮನೆಯಲ್ಲಿ ಅವು ಎಲ್ಲಿದ್ದವು ಎಂದರೆ, ತಳ ಹೋದ ಎರಡು ಮಂಕರಿಗಳನ್ನು ಬೋರಲು ಹಾಕಿ ಹಳೆ ಸೀರೆ ಸುತ್ತಿದ್ದೆ ಎಂದಳು. ತಳ ಹೋದ ಬುಟ್ಟಿ! ನನಗೆ ಎಲ್ಲೋ ಚುಚ್ಚಿತು. ಅಷ್ಟು ದೊಡ್ಡ ತೋಟದ ಮನೆಯವರು ಮಗುವಿನ ಆಸೆಗೆ ಕೊಟ್ಟದ್ದು ಎಸೆಯುವ ಬುಟ್ಟಿ.

"ನಾನು ಮಾಡ್ಕೊಡ್ತೀನಿ," ಎಂದೆ, "ನೀನು ಹೆಂಗೆ ಬೇಕು ಅಂತ ಹೇಳು."

ಅವಳು ಹೇಳಿದಳು, ನಾನು ಕೂತು ಕೇಳಿದೆ. ಅಗಲಕ್ಕಿಂತ ಎತ್ತರ ಬೇಕು, ಹುಳದ ಉದ್ದದ ಮೂರು ಪಟ್ಟಿಗೆ ಕಡಿಮೆಯಾಗಬಾರದು. ಗಾಳಿ ಆಡಬೇಕು. ಬಿಸಿಲು ನೇರ ಬೀಳಬಾರದು. ಇರುವೆ ಬರಲೇಬಾರದು. ಎರಡು ಕೋಣೆ ಬೇಕು.

"ಎರಡು ಯಾಕೆ?"

"ಒಂದರಲ್ಲೇ ಬಿಟ್ರೆ ಒಂದನ್ನೊಂದು ತಿಂದ್ಬಿಡ್ತವೆ."

ಒಲೆಯ ಮುಂದಿದ್ದ ದೊಡ್ಡಮ್ಮ ತಿರುಗಿಯೂ ನೋಡದೆ, "ಹಂಗಾದ್ರೆ ಅಣ್ಣತಮ್ಮಂದಿರೇ ಇರ್ಬೇಕು ಕಣೋ, ಪಾಲು ಮಾಡ್ಕೊಡು" ಎಂದರು. ಮಗಳು ನಕ್ಕಳು. ಎರಡು ವರ್ಷದ ಮೇಲೆ ನನ್ನ ಮನೆಯಲ್ಲಿ ಆ ನಗು ಕೇಳಿದ್ದು ಅದೇ ಮೊದಲು. ಆ ನಗುವಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ. ಮಾಡಿದ್ದೂ ಹಾಗೆಯೇ.

ಡಿಪೊದಲ್ಲಿ ಬೀಟೆಯ ಮಿಕ್ಕ ತುಂಡುಗಳನ್ನು ಮೇಸ್ತ್ರಿಯನ್ನು ಕೇಳಿ ಪಡೆದೆ. ಯಾರಿಗೆ ಎಂದರು. ಮಗಳಿಗೆ ಎಂದೆ, ಹುಳಕ್ಕೆ ಎನ್ನಲಿಲ್ಲ. ಹಗಲು ಅಮಲ್ದಾರರ ಕಚೇರಿಯ ಮೇಜಿನ ಕೆಲಸ, ಸಂಜೆ ಕತ್ತಲಾಗುವ ತನಕ ಹಿತ್ತಿಲಲ್ಲಿ ಇದು. ನಾಲ್ಕು ಕಾಲು, ಮೊಳಕ್ಕಿಂತ ಹೆಚ್ಚು ಎತ್ತರ, ನಡುವೆ ಅಡ್ಡ ಹಲಗೆ. ಒಂದು ಮೊಳೆಯೂ ಇಲ್ಲ, ಎಲ್ಲ ಕೀಲಿನ ಜೋಡಣೆ. ಎರಡು ಕೋಣೆಗೂ ಮೇಲಕ್ಕೆ ಸರಿಸುವ ಪುಟ್ಟ ಬಾಗಿಲು. ಪಕ್ಕದ ಹಲಗೆಗಳಲ್ಲಿ ಬೈರಿಗೆಯಿಂದ ಸಾಲಾಗಿ ಸಣ್ಣ ತೂತು ಕೊರೆದು ಒಂದೊಂದರ ಅಂಚನ್ನೂ ಉಪ್ಪು ಕಾಗದದಿಂದ ಉಜ್ಜಿದೆ, ಹುಳದ ಕಾಲಿಗೆ ಸಿಬಿರು ತಾಗಬಾರದು ಎಂದು. ಮುಂದಿನ ಗಾಜು ತರೀಕೆರೆಯಲ್ಲಿ ನನಗೆ ಬೇಕಾದ ಅಳತೆಗೆ ಸಿಗಲಿಲ್ಲ. ಕಡೂರಿಗೆ ಹೋಗಿ ತಂದೆ, ಹುಲ್ಲಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ನಾಲ್ಕು ಕಾಲಿನ ಕೆಳಗೆ ನಾಲ್ಕು ತೆಂಗಿನ ಕರಟ, ಅದರಲ್ಲಿ ನೀರು. ಒಂದು ಇರುವೆಯೂ ಹತ್ತಲಿಲ್ಲ.

ಆಮೇಲೆ ಪಾಲಿಶ್. ಹೊರಗೂ ಒಳಗೂ. ಕಟ್ಟಳೆ ಕಟ್ಟಳೆಯೇ. ಕೋಣೆಯೊಳಗೆ ಕೈ ಹೋಗದ ಮೂಲೆಗೆ ಕಡ್ಡಿಗೆ ಬಟ್ಟೆ ಸುತ್ತಿ ತಿಕ್ಕಿದೆ. ಸ್ಪಿರಿಟ್ಟಿನ ವಾಸನೆ ಹೋಗುವ ತನಕ ವಾರವೆಲ್ಲ ನೆರಳಿನಲ್ಲಿಟ್ಟು ಕಾದೆ. ಅಲ್ಲಿಯವರೆಗೆ ಮಗಳು ಹುಳಗಳನ್ನು ಬುರುಡೆಯಿಂದ ತೆಗೆದು ದೊಡ್ಡಮ್ಮನ ಒನಕೆ ಮೂಲೆಯಲ್ಲಿ ಎರಡು ಜರಡಿಯ ಕೆಳಗೆ ಬಿಟ್ಟಿದ್ದಳು. "ದನಕ್ಕೆ ಕೊಟ್ಟಿಗೆ ಇಲ್ಲದ ಮನೆ," ಎಂದು ದೊಡ್ಡಮ್ಮ ಗೊಣಗುತ್ತಿದ್ದರು, "ಹುಳಕ್ಕೆ ಬೀಟೆ ಅರಮನೆ. ನನ್ನನ್ನೂ ಅದ್ರೊಳ್ಗೆ ಮಲಗಿಸೋ, ಸೋರಾಕಿಲ್ಲ."

ಮಗಳು ಹಿತ್ತಿಲ ಬೇಲಿಯ ಲಕ್ಕಿ ಗಿಡದ ಕವಲು ಕಡ್ಡಿಗಳನ್ನು ತಂದು ಎರಡು ಕೋಣೆಯಲ್ಲೂ ನಿಲ್ಲಿಸಿದಳು. ಎರಡು ದಿನದಲ್ಲಿ ಎಲೆ ಬಾಡಿ ಉದುರಿತು, ತೊಗಟೆ ಸುಲಿದು ನೆಲವೆಲ್ಲ ಕಸ, ಕಡ್ಡಿಯ ತುದಿ ತಾಗಿ ಪಾಲಿಶ್‌ನ ಮೇಲೆ ಗೀರು. ನಾನು ಅವನ್ನು ತೆಗೆದು, ಗಿಳಿ ಪಂಜರಕ್ಕೆ ಮಾಡುವ ಹಾಗೆ, ದುಂಡಗೆ ಕಡೆದ ಎರಡು ಕೋಲು ಅಡ್ಡಲಾಗಿ ಕೂರಿಸಿದೆ. ಅವಕ್ಕೂ ಪಾಲಿಶ್ ಹಾಕಿದೆ. ಅವಳು ಕೋಲನ್ನು ನೋಡಿದಳು, ನನ್ನ ಮುಖ ನೋಡಿದಳು.

"ಚೆನ್ನಾಗೈತೆ ಅಪ್ಪ" ಎಂದಳು.

ಬೀದಿಯವರೆಲ್ಲ ನೋಡಲು ಬಂದರು. ಸ್ಟೇಷನ್ ಮಾಸ್ತರರ ಹೆಂಡತಿ ಬಂದು ಗಾಜಿಗೆ ಮುಖ ಹಚ್ಚಿ, ಹುಳವನ್ನಲ್ಲ, ಮೂಲೆಯ ಜೋಡಣೆಯನ್ನು ನೋಡಿ, ಇಂಥದ್ದೇ ಒಂದು ದೇವರ ಮಂಟಪ ಮಾಡಿಕೊಡಿ ಎಂದರು. ಮೇಸ್ತ್ರಿಯೂ ಬಂದರು. ಬಾಗಿಲು ಸರಿಸಿ, ಒಳಗೆ ಬೆರಳು ಹಾಕಿ, ಮೇಲಿನ ಹಲಗೆಯ ಅಡಿಯನ್ನು ಸವರಿದರು. ಹೊರಡುವಾಗ ನನ್ನ ಬೆನ್ನಿನ ಮೇಲೆ ಒಮ್ಮೆ ಕೈ ಇಟ್ಟರು. ಅವರು ಯಾರ ಬೆನ್ನಿನ ಮೇಲೂ ಹಾಗೆ ಕೈ ಇಟ್ಟದ್ದನ್ನು ನಾನು ನೋಡಿರಲಿಲ್ಲ. ಮಗಳು ಬಂದವರಿಗೆಲ್ಲ, "ನಮ್ಮಪ್ಪ ಮಾಡಿದ್ದು" ಎಂದು ಹೇಳುತ್ತಾ ಬಾಗಿಲ ಬಳಿ ನಿಂತಿರುತ್ತಿದ್ದಳು. ದಿನಕ್ಕೆ ಎರಡು ಸಲ ಬೆರಳಿನಿಂದ ನೀರು ಚಿಮುಕಿಸುತ್ತಿದ್ದಳು, ಹುಳಗಳು ಗಾಜಿನ ಮೇಲಿನ ಹನಿ ಕುಡಿಯುತ್ತಿದ್ದವು. ಸಂಜೆ ನಾನೂ ಅವಳೂ ಡಿಪೊದ ಹಿಂದಿನ ಹುಲ್ಲಿನಲ್ಲಿ ಮಿಡತೆ ಹಿಡಿಯಲು ಹೋಗುತ್ತಿದ್ದೆವು. ಆ ಹುಲ್ಲಿನಲ್ಲಿ ಅವಳು ನನ್ನ ಭುಜದ ಮೇಲೆ ಕೈಯೂರಿ ಬಗ್ಗುತ್ತಿದ್ದಳು. ದೀಪಾವಳಿ ಬರಲಿ ಎಂದುಕೊಳ್ಳುತ್ತಿದ್ದೆ.

ಮಹಾಲಯದ ಹೊತ್ತಿಗೆ ಹಸಿರು ಹುಳ ತಿನ್ನುವುದನ್ನು ಬಿಟ್ಟಿತು. ಮಿಡತೆ ಮುಂದೆಯೇ ಕುಪ್ಪಳಿಸಿದರೂ ಕೈ ಚಾಚಲಿಲ್ಲ. ಬೆನ್ನಿನ ಮೇಲಿನ ಚಿಕ್ಕ ರೆಕ್ಕೆಯ ಮೊಗ್ಗು ಊದಿಕೊಂಡಿತ್ತು. ಕಾಯಿಲೆಯೇನೇ ಎಂದರೆ, "ಇಲ್ಲಪ್ಪ, ಪೊರೆ ಬಿಡ್ತದೆ. ಕೊನೇ ಪೊರೆ. ಆಮೇಲೆ ದೊಡ್ಡ ರೆಕ್ಕೆ ಬತ್ತದೆ" ಎಂದಳು. ಆದರೆ ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಗಾಜಿನ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಅವಳ ತಾಯಿಯ ನೆನಪಾಗಿರಬೇಕು ಎಂದುಕೊಂಡೆ, ಪಿತೃಪಕ್ಷವಲ್ಲವೇ.

ಅಮಾವಾಸ್ಯೆಯ ದಿನ, ನಾವು ಮರದ ಕೆಲಸದವರು ಆಯುಧ ಮುಟ್ಟದ ದಿನ, ನಾನು ಮನೆಯಲ್ಲೇ ಇದ್ದೆ. ಹೆಂಡತಿಗೆ ಎಡೆ ಇಡಲು ದೊಡ್ಡಮ್ಮ ಅಡಿಗೆ ಮಾಡುತ್ತಿದ್ದರು. ಮಗಳು "ಅಪ್ಪ" ಎಂದು ಕೂಗಿದಳು.

ಹಸಿರು ಹುಳ ಕಡೆದ ಕೋಲಿನಿಂದ ತಲೆಕೆಳಗಾಗಿ ತೂಗಲು ನೋಡುತ್ತಿತ್ತು. ಹಿಂಗಾಲಿನ ಉಗುರು ಕೋಲಿನ ಮೇಲೆ ನಿಲ್ಲುತ್ತಿರಲಿಲ್ಲ. ಜಾರಿ ನೆಲಕ್ಕೆ ಬೀಳುವುದು, ಗಾಜು ಹತ್ತಲು ಹೋಗುವುದು, ಜಾರುವುದು, ಮೂಲೆಯಿಂದ ಹೇಗೋ ಮೇಲಿನ ಹಲಗೆಗೆ ಹೋಗುವುದು, ಅಲ್ಲಿಂದ ಮತ್ತೆ ಬೀಳುವುದು. ಅಷ್ಟರಲ್ಲಿ ಬೆನ್ನ ಮೇಲಿನ ಪೊರೆ ಸೀಳಿತು. ಇನ್ನು ಕಾಯುವ ಹಾಗಿರಲಿಲ್ಲ ಅದಕ್ಕೆ. ತೂಗಿಕೊಂಡು, ತನ್ನ ಭಾರದಿಂದಲೇ ಪೊರೆಯೊಳಗಿಂದ ಇಳಿಯಬೇಕಾದ ಹುಳ ಪಾಲಿಶ್ ಹಾಕಿದ ನೆಲದ ಮೇಲೆ ಬಿದ್ದುಕೊಂಡು ಹೊರಳಾಡಿತು. ಅರ್ಧ ಮೈ ಹೊರಗೆ ಬಂತು. ಮೆತ್ತಗಿನ ಹೊಸ ಕಾಲು ಹಳೆಯ ಪೊರೆಯಲ್ಲೇ ಸಿಕ್ಕಿ ಸೊಟ್ಟಗಾಯಿತು. ರೆಕ್ಕೆ ಬಿಚ್ಚಲಿಲ್ಲ, ಒದ್ದೆ ಬಟ್ಟೆಯ ಹಾಗೆ ಮುದುಡಿಯೇ ಒಣಗಿತು. ಮಧ್ಯಾಹ್ನ ಎಡೆ ತೆಗೆಯುವ ಹೊತ್ತಿಗೆ ಸತ್ತಿತ್ತು.

ದೊಡ್ಡಮ್ಮ ಬಗ್ಗಿ ನೋಡಿ, "ಪಾಪ, ಎಣ್ಣೆ ಹಚ್ಚಿದ ಕಂಬ ಹತ್ತಿದಂಗೆ ಆಯ್ತಲ್ಲೋ ಅದರ ಪಾಡು" ಎಂದರು.

ನಾನು ಮಗಳನ್ನು ಕೇಳಿದೆ. "ಲಕ್ಕಿ ಕಡ್ಡಿ ಇದ್ದಿದ್ರೆ ಬೀಳ್ತಿರ್ಲಿಲ್ವಾ?"

ಬೀಳುತ್ತಿರಲಿಲ್ಲ ಎನ್ನುವ ಹಾಗೆ ತಲೆ ಅಲ್ಲಾಡಿಸಿದಳು.

"ನಿಂಗೆ ಮೊದಲೇ ಗೊತ್ತಿತ್ತಾ?"

ಹ್ಞೂ ಎಂದು ಗಾಜಿನ ಮೇಲಿನ ನೀರನ್ನು ಬೆರಳಿನಿಂದ ಒರೆಸಿದಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಚೆನ್ನಾಗಿ ಮಾಡಿದ್ದೆ," ಎಂದಳು, "ಎಲ್ರೂ ಬಂದು ನೋಡಿದ್ರು. ನಿಂಗೆ ಬೇಜಾರಾಯ್ತದೆ ಅಂತ."

ಎಂಟು ವರ್ಷದ ಮಗು ಹುಳ ಸಾಯುವುದನ್ನು ನೋಡುತ್ತಾ ಕೂತಿದೆ, ಅಪ್ಪನ ಮುಖ ಬಾಡಬಾರದೆಂದು. ಯಾರು ಕಲಿಸಿದರು ಇವಳಿಗೆ ಇದನ್ನು? ಹಂಗಿನ ಮನೆಯಲ್ಲಿ ಬೆಳೆದ ಮಗು ಎಲ್ಲರ ಮುಖ ನೋಡಿ ನಡೆಯುವುದನ್ನು ಕಲಿಯುತ್ತದೆ ಎಂದು ನಾನು ಆಗ ಅತ್ತೆಯನ್ನು ಮನಸ್ಸಿನಲ್ಲೇ ಶಪಿಸಿದೆ. ಈಗಲೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಕಂದು ಹುಳ ಉಳಿದಿತ್ತು. ಅದರ ಪೊರೆಯೂ ಹತ್ತಿರವಿತ್ತು. ನಾನು ಎದ್ದು ಆಯುಧದ ಪೆಟ್ಟಿಗೆ ತೆಗೆದೆ.

"ಅಮಾಸೆ ಕಣೋ! ಅದೂ ಮಾಳಯ ಅಮಾಸೆ! ಆಯುಧ ಮುಟ್ತೀಯಾ?" ಎಂದು ದೊಡ್ಡಮ್ಮ ಕೂಗಿದರು.

ಮುಟ್ಟಿದೆ. ಕಂದು ಹುಳವನ್ನು ಜರಡಿಯ ಕೆಳಗೆ ಬಿಟ್ಟು, ಹುಳದ ಪೆಟ್ಟಿಗೆಯನ್ನು ಬೋರಲು ಹಾಕಿ, ಮೇಲಿನ ಹಲಗೆಯನ್ನು ಕೀಲಿನಿಂದ ಬಿಡಿಸಿ ಮಂಡಿಯ ಕೆಳಗೆ ಇಟ್ಟುಕೊಂಡೆ. ಗರಗಸದ ಹಲ್ಲಿನಿಂದ, ಆಮೇಲೆ ಉಳಿಯ ಮೂಲೆಯಿಂದ, ಉದ್ದಕ್ಕೂ ಅಡ್ಡಕ್ಕೂ ಕೆರೆದೆ. ಎಷ್ಟು ಸಂಜೆ ತಿಕ್ಕಿದ ಪಾಲಿಶ್ ಪುಡಿಪುಡಿಯಾಗಿ ಉದುರಿತು. ಬೀಟೆ ಗಟ್ಟಿ ಮರ, ಸುಲಭಕ್ಕೆ ಕೆರೆಸಿಕೊಳ್ಳುವುದಿಲ್ಲ. ಹಲ್ಲು ಕಚ್ಚಿ ಕೆರೆದೆ. ಕಡೆದ ಕೋಲನ್ನು ಕಿತ್ತು ಮುರಿದು ಒಲೆಗೆ ಹಾಕಿದೆ. ಮಗಳು ಗೋಡೆಗೆ ಒರಗಿ ನಿಂತು, "ಬ್ಯಾಡ ಅಪ್ಪ, ಹಾಳಾಗ್ತದೆ, ಬ್ಯಾಡ" ಎನ್ನುತ್ತಿದ್ದಳು. "ನಿನ್ಗೇ ಮಾಡ್ತಿರೋದು, ಸುಮ್ನಿರು" ಎಂದೆ. ನಾನೇ ಹೋಗಿ ಲಕ್ಕಿ ಕಡ್ಡಿ ಕಡಿದು ತಂದು ನಿಲ್ಲಿಸಿದೆ.

ಕೆಲವು ದಿನ ಕಳೆದ ಮೇಲೆ ಒಂದು ನಸುಕಿನಲ್ಲಿ ಕಂದು ಹುಳ ಲಕ್ಕಿ ಕಡ್ಡಿಯಿಂದ ತಲೆಕೆಳಗಾಗಿ ತೂಗಿ ಲಕ್ಷಣವಾಗಿ ಪೊರೆ ಬಿಟ್ಟಿತು. ಮೊದಲು ತಲೆ, ಆಮೇಲೆ ಮಡಿಸಿದ ಕೈ, ಆಮೇಲೆ ದಾರದಂಥ ಕಾಲುಗಳು. ಬಿಟ್ಟ ಪೊರೆ ಕಡ್ಡಿಯಲ್ಲೇ ಇನ್ನೊಂದು ಹುಳದ ಹಾಗೆ ತೂಗುತ್ತಿತ್ತು. ನೋಡನೋಡುತ್ತಿದ್ದಂತೆ ರೆಕ್ಕೆ ಬಿಚ್ಚಿಕೊಂಡು ಉದ್ದವಾಯಿತು. ಮಗಳನ್ನು ಎಬ್ಬಿಸಿ ತೋರಿಸಿದೆ. ಕಣ್ಣುಜ್ಜಿಕೊಂಡು ನೋಡಿ, "ಸರಿಯಾಗ್ ಬಿಡ್ತು" ಎಂದಳು. ನನಗೆ ಬಾಮೈದನ ಪಂದ್ಯವನ್ನೇ ಗೆದ್ದ ಹಾಗಾಯಿತು. ಕೆಲಸವನ್ನು ಸರಿಯಾಗಿ ಮಾಡುವುದು ನನಗೆ ಗೊತ್ತು, ಕೆಟ್ಟರೆ ತಿದ್ದುವುದೂ ಗೊತ್ತು. ಇನ್ನೇನು ಬೇಕು ಒಂದು ಮಗುವಿಗೆ?

ದೀಪಾವಳಿಗೆ ಬಾಮೈದ ಬಂದ. ತೆಂಗಿನಕಾಯಿ, ಬೆಲ್ಲ, ಮಗಳಿಗೆ ಒಂದು ಲಂಗ. ಎಣ್ಣೆ ನೀರು ಹಾಕಿಕೊಂಡು ಉಂಡು ಜಗಲಿಯಲ್ಲಿ ಕೂತ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, "ಏನ್ ಭಾವ, ಇದನ್ನ ನೋಡಿದ್ರೆ ನಂಗೇ ಹುಳ ಆಗಿ ಹುಟ್ಟಾಣ ಅನ್ನಿಸ್ತದೆ. ಒಳ್ಗಡೆ ಮಾತ್ರ ಯಾಕೋ ಹೆಗ್ಗಣ ಕೆರೆದಂಗೈತೆ?" ಎಂದ. ನಾನು ಕರಟಗಳಿಗೆ ನೀರು ತುಂಬಿಸಿದೆ.

ಅವನು ಮಗಳನ್ನು ಕರೆದು ತೊಡೆಯ ಹತ್ತಿರ ನಿಲ್ಲಿಸಿಕೊಂಡ. ನ್ಯಾಯವಾಗಿಯೇ ಕೇಳಿದ; ಅದನ್ನು ಹೇಳಬೇಕು. "ನೋಡವ್ವ, ನಿಮ್ಮಪ್ಪನೂ ಇಲ್ಲೇ ಅವ್ರೆ. ಹೆದರ್ಬ್ಯಾಡ. ಇಲ್ಲಿರ್ತೀಯಾ, ಅಜ್ಜಿ ತಾವ ಬತ್ತೀಯಾ?"

ಅವಳು ನನ್ನ ಕಡೆ ನೋಡಲಿಲ್ಲ. ಹೊಸ ಲಂಗದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬತ್ತೀನಿ ಮಾವ."

"ಯಾಕವ್ವ? ಇಲ್ಲಿ ಏನು ಕಡಿಮೆಯಾಯ್ತು?" ಎಂದವರು ದೊಡ್ಡಮ್ಮ.

"ಏನೂ ಇಲ್ಲ. ಇಲ್ಲಿ ಎಲ್ಲಾ ಚೆನ್ನಾಗೈತೆ." ಅವಳ ದನಿ ಸಣ್ಣಗಾಯಿತು. "ನಾನು ಏನಾದ್ರೂ ಕೇಳಿದ್ರೆ ಅಪ್ಪ ಅದನ್ನ ಶಾನೆ ಚೆನ್ನಾಗಿ ಮಾಡ್ತಾನೆ. ಆಮೇಲೆ ಮುಟ್ಟಕ್ಕೆ ಭಯ ಆಯ್ತದೆ. ಅವತ್ತು ನನ್ ದೆಸೆಯಿಂದ ಎಲ್ಲಾ ಕೆರೆದು ಹಾಕ್ಬಿಟ್ಟ."

ಬಾಮೈದ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದ. ಅವನಿಗೆ ಗೆದ್ದ ಸಂತೋಷವೂ ಬರಲಿಲ್ಲ, ಮುಳ್ಳಿನ ಮಾತೂ ಬರಲಿಲ್ಲ. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅವನು ಒಂದು ಮಾತು ಆಡಿದ್ದರೆ ನಾನೂ ಎರಡು ಆಡಿ ಜಗಳವಾದರೂ ಮಾಡುತ್ತಿದ್ದೆ. ಕೊಟ್ಟ ಮಾತು ಕೊಟ್ಟದ್ದು. ನಾನೇ ಅವಳ ಬಟ್ಟೆ ಗಂಟು ಕಟ್ಟಿದೆ.

ಹೊರಡುವ ಮುಂಚೆ ಅವಳು ಕಂದು ಹುಳವನ್ನು ಬೆರಳಿನ ಮೇಲೆ ಹತ್ತಿಸಿಕೊಂಡು ಹಿತ್ತಿಲ ಬೇಲಿಯ ಲಕ್ಕಿ ಗಿಡಕ್ಕೆ ಬಿಟ್ಟಳು. ಅದಕ್ಕೆ ಆಗಲೇ ಹಾರಲು ಬರುತ್ತಿತ್ತು, ಆದರೂ ಹಾರಲಿಲ್ಲ. ಗಿಡದ ಒಳಕ್ಕೆ ನಿಧಾನವಾಗಿ ಹತ್ತಿಹೋಯಿತು. ಜೊತೆಗೆ ಒಯ್ಯುವುದಿಲ್ಲವೇ ಎಂದು ಕೇಳಿದೆ. "ಅಜ್ಜಿ ಮನೆ ಬೇಲೀಲಿ ಬೇಕಾದಷ್ಟವೆ" ಎಂದಳು. ಅವಳಿಗೆ ಅದು ಅಷ್ಟು ಸಣ್ಣ ವಿಷಯ. ಗಾಡಿ ತಿರುವಿಗೆ ಹೋಗುವ ತನಕ ಕೈ ಬೀಸುತ್ತಲೇ ಇದ್ದಳು, ಇಲ್ಲ ಎನ್ನುವುದಿಲ್ಲ.

ಪೆಟ್ಟಿಗೆಯನ್ನು ಸ್ಟೇಷನ್ ಮಾಸ್ತರರ ಹೆಂಡತಿ ದೇವರ ಮಂಟಪಕ್ಕೆ ಕೇಳಿದರು. ಕೆರೆದ ಹಲಗೆ ಬದಲಾಯಿಸಿ ಕೊಟ್ಟೆ. ಈಗ ಅದರಲ್ಲಿ ಯಾವ ದೇವರಿದೆಯೋ ಗೊತ್ತಿಲ್ಲ. ಬೀದಿಯವರು ಮಾತಾಡಿಕೊಂಡರು, ಹುಳಕ್ಕೆ ಮನೆ ಕಟ್ಟಿದ, ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ ಎಂದು. ಮೇಸ್ತ್ರಿ ಮಾತ್ರ ಡಿಪೊದಲ್ಲಿ ಯಾರೋ ಈ ಮಾತೆತ್ತಿದಾಗ, "ಅವ್ನ ಕೆಲ್ಸದಲ್ಲಿ ಏನು ಐಬು ಇತ್ತು ಹೇಳ್ರೋ" ಎಂದು ಜೋರು ಮಾಡಿದರಂತೆ. ಐಬು ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದೇ ತಪ್ಪು ಎಂದು ಒಪ್ಪಿಕೊಳ್ಳಲು ನಾನು ಈಗಲೂ ತಯಾರಿಲ್ಲ. ಒರಟಾಗಿ ಮಾಡು, ಅರ್ಧಕ್ಕೆ ಬಿಡು, ಆಗ ಮಕ್ಕಳು ಹೆದರದೆ ಮುಟ್ಟುತ್ತವೆ ಎಂದು ಯಾವ ಗುರು ಕಲಿಸುತ್ತಾನೆ? ಆದರೂ ಅವಳು ಹೇಳಿದ್ದು ಸುಳ್ಳಲ್ಲ. ಈ ಎರಡನ್ನೂ ಒಂದು ಕೀಲಿನಲ್ಲಿ ಕೂರಿಸುವುದು ನನ್ನ ಕೈಯಲ್ಲಿ ಆಗಲಿಲ್ಲ.

ಆಮೇಲೆ ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಶಿವನಿಯಲ್ಲಿ ಇಳಿದು ಅವಳನ್ನು ನೋಡಿ ಬರುತ್ತಿದ್ದೆ. ಚೊಂಬಿನಲ್ಲಿ ನೀರು ತಂದಿಟ್ಟು, ಬೆಲ್ಲ ಕೊಟ್ಟು, ಕಂಬದ ಹತ್ತಿರ ನಿಲ್ಲುತ್ತಿದ್ದಳು. ಏನು ಬೇಕವ್ವ ಎಂದು ಕೇಳಿದರೆ ಏನೂ ಬೇಡ ಎನ್ನುತ್ತಿದ್ದಳು. ಯಾವ ಸಲವೂ ಏನೂ ಕೇಳಲಿಲ್ಲ.

ಹದಿಮೂರು ತುಂಬುವುದರೊಳಗೆ ಅಜ್ಜಂಪುರದ ಹತ್ತಿರದ ಒಂದು ಬೇಸಾಯದ ಮನೆಗೆ ಅವಳನ್ನು ಗೊತ್ತುಮಾಡಿದರು. ಗಂಡು ಒಳ್ಳೆಯವನು. ನನಗೆ ಹೇಳಿ ಕಳಿಸಿದಾಗ ಎಲ್ಲ ನಿಶ್ಚಯವಾಗಿತ್ತು. ಹಸೆಮಣೆಯನ್ನಾದರೂ ನಾನು ಮಾಡಿ ತರುತ್ತೇನೆ ಎಂದು ಹೇಳಿ ಕಳಿಸಿದೆ. ಊರಿನ ಆಚಾರಿ ಆಗಲೇ ಮಾಡಿಕೊಟ್ಟಾಯಿತು ಎಂದು ಉತ್ತರ ಬಂತು.

ಧಾರೆ ಎರೆಯುವುದಕ್ಕೆ ಗಂಡ ಹೆಂಡತಿ ಇಬ್ಬರೂ ಬೇಕು. ಮಲತಾಯಿ ಬರಬಾರದೆಂದು ನಾನು ಮತ್ತೆ ಮದುವೆಯಾಗಿರಲಿಲ್ಲ. ಬಾಮೈದನೂ ಅವನ ಹೆಂಡತಿಯೂ ನಿಂತು ಅವಳ ಕೈಯ ಮೇಲೆ ಹಾಲು ನೀರು ಎರೆದರು. ನಾನು ಚಪ್ಪರದ ಕಂಬದ ಪಕ್ಕ ನಿಂತು ಅಕ್ಷತೆ ಹಾಕಿದೆ. ಗುಂಪಿನಲ್ಲಿ ನನ್ನ ಅಕ್ಷತೆ ಅವಳ ತನಕ ಹೋಯಿತೋ ಇಲ್ಲವೋ.

ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂತೆ. ಬಡಿಸಲು ಬಂದ ಹುಡುಗರಲ್ಲಿ ಒಬ್ಬ, ಗಂಡಿನ ಕಡೆಯವನಿರಬೇಕು, ನನ್ನ ಗುರುತು ಸಿಗದೆ ಅನ್ನದ ಬುಟ್ಟಿ ಹಿಡಿದುಕೊಂಡೇ ಕೇಳಿದ.

"ಯಜಮಾನ್ರೆ, ತಾವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?"

"ತರೀಕೆರೆ ಕಡೆಯೋನು" ಎಂದೆ.

"ದೂರದಿಂದ ಬಂದೀರಿ, ಸರಿಯಾಗ್ ಉಣ್ಣಿ" ಎಂದು ಅವನು ಎಲೆ ತುಂಬ ಅನ್ನ ಬಡಿಸಿ ಮುಂದಕ್ಕೆ ಹೋದ.